ಹಗ್ಗದ ಗಂಟು

ನಮ್ಮ ಹಿತ್ತಲಿನ ಬಾವಿಗೆ ಹಾಕಿದ್ದ ಹಗ್ಗ ಇಡೀ ಹಗ್ಗವಾಗಿರಲಿಲ್ಲ. ಎಂದೋ ತುಂಡಾಗಿ, ಗಂಟು ಹಾಕಿ ಕೂಡಿಸಿದ ಹಗ್ಗ ಅದು. ಹೊಸ ಹಗ್ಗ ತರುವ ಮಾತು ಪ್ರತಿ ಯುಗಾದಿಗೂ ಮನೆಯಲ್ಲಿ ಏಳುತ್ತಿತ್ತು. ಯುಗಾದಿ ಕಳೆದ ಮೇಲೆ ಎಲ್ಲರೂ ಅದನ್ನು ಮರೆಯುತ್ತಿದ್ದರು. ಕೊಡವನ್ನು ಮೇಲಕ್ಕೆ ಸೇದುವಾಗ ಆ ಗಂಟು ರಾಟೆಗೆ ಬಂದು ಸಿಕ್ಕಿ, ಒಂದು ಕ್ಷಣ ತಡೆದು, ಆಮೇಲೆ ‘ಧಡ್’ ಎಂದು ಹಾರುತ್ತಿತ್ತು. ಆ ಕುಲುಕಿಗೆ ಕೊಡದ ಕಾಲುಪಾಲು ನೀರು ಬಾವಿಗೇ ಮರಳುತ್ತಿತ್ತು. ನಾನು ಸೇದಿದಾಗಲೆಲ್ಲ ಹೀಗೆಯೇ. ಅವ್ವ ಸೇದಿದರೆ ಒಂದು ಹನಿಯೂ ತುಳುಕುತ್ತಿರಲಿಲ್ಲ.

ಅವಳ ತೋಳಿನಲ್ಲಿ ಬಲ ಹೆಚ್ಚು ಎಂದು ನಾನು ಬಹಳ ದಿನ ತಿಳಿದಿದ್ದೆ. ಗಂಟು ಸಿಕ್ಕಿದೊಡನೆ ಕೈ ಸಡಿಲಿಸುವುದು, ಹಾರಿದೊಡನೆ ಬಿಗಿ ಹಿಡಿಯುವುದು ಇವೆಲ್ಲವನ್ನೂ ನಾನೂ ಮಾಡಿ ನೋಡಿದ್ದೆ. ಆದರೆ ಕುಲುಕು ಕೈಗೆ ತಿಳಿದು ನಾನು ಎಚ್ಚತ್ತುಕೊಳ್ಳುವ ಹೊತ್ತಿಗೆ ನೀರು ಚೆಲ್ಲಿಹೋಗಿರುತ್ತಿತ್ತು. ಒಂದು ದಿನ ಅವಳ ಪಕ್ಕದಲ್ಲಿ ನಿಂತು ಕಿವಿಗೊಟ್ಟಾಗ ಗುಟ್ಟು ಬಯಲಾಯಿತು. ಅವ್ವ ಮೆಲ್ಲನೆ ಎಳೆತಗಳನ್ನು ಎಣಿಸುತ್ತಿದ್ದಳು. ಹತ್ತರವರೆಗೆ ಸರಸರನೆ ಎಳೆದು, ಹನ್ನೊಂದನೆಯದಕ್ಕೆ ಕೈಯನ್ನು ತಾನಾಗಿಯೇ ನಿಧಾನಗೊಳಿಸಿ, ಗಂಟನ್ನು ರಾಟೆಯ ಮೇಲೆ ಎಳೆಮಗುವನ್ನು ದಾಟಿಸಿದಂತೆ ದಾಟಿಸಿ, ಮತ್ತೆ ವೇಗ ಹಿಡಿಯುತ್ತಿದ್ದಳು. “ಗಂಟು ಎಲ್ಲಿ ಬರುತ್ತದೆ ಎಂದು ಗೊತ್ತಿದ್ದೂ ದಿನಾ ಎಡವುತ್ತೀಯಲ್ಲೋ” ಎಂದು ನಕ್ಕಳು. ಬೇಸಿಗೆಯಲ್ಲಿ ನೀರು ಕೆಳಕ್ಕೆ ಇಳಿದಾಗ ಈ ಲೆಕ್ಕ ಕೆಡುತ್ತಿತ್ತು. ಗಂಟು ಹದಿನಾರನೆಯ ಎಳೆತಕ್ಕೆ ಬರುತ್ತಿತ್ತು. ಆಗ ಮೊದಲ ಒಂದೆರಡು ಕೊಡಗಳಲ್ಲಿ ಅವಳ ಕೈಯಲ್ಲೂ ನೀರು ಚೆಲ್ಲುತ್ತಿತ್ತು. ಮೂರನೆಯ ಕೊಡಕ್ಕೆ ಹೊಸ ಲೆಕ್ಕ ಸಿದ್ಧವಾಗಿರುತ್ತಿತ್ತು.

ಈ ಬಾವಿಯನ್ನು ನಾನು ಮರೆತೇ ಬಿಟ್ಟಿದ್ದೆ. ಅದು ಮತ್ತೆ ನೆನಪಾದದ್ದು ನಿವೃತ್ತನಾದ ಮೇಲೆ, ಬೆಂಗಳೂರಿನ ಹೊರವಲಯದ ಒಂದು ಸಣ್ಣ ಕಾರ್ಖಾನೆಯಲ್ಲಿ. ಅದರ ಒಡೆಯ ನನ್ನ ಹಳೆಯ ವಿದ್ಯಾರ್ಥಿ. ಹಿತ್ತಾಳೆಯ ದಪ್ಪ ಪಟ್ಟಿಗಳನ್ನು ಯಂತ್ರದಲ್ಲಿ ಒತ್ತಿ ತೆಳುವಾದ ತಗಡು ಮಾಡಿ ಮಾರುವುದು ಅವನ ಉದ್ಯಮ. ಒಂದು ಸಂಜೆ ಫೋನು ಮಾಡಿ, “ಮೇಷ್ಟ್ರೇ, ನಮ್ಮ ಮಿಲ್ಲಿಗೂ ಗುರುವಾರದ ಕಾಯಿಲೆ ಹಿಡಿದುಬಿಟ್ಟಿದೆ. ನೀವು ಬಂದು ನೋಡಬೇಕು” ಎಂದ. ಅವನು ನಗುತ್ತಲೇ ಹೇಳಿದ್ದ. ನನಗೆ ನಗು ಬರಲಿಲ್ಲ.

ಆ ಗುರುವಾರದ ಕತೆಯನ್ನು ಇಲ್ಲಿ ಹೇಳಲೇಬೇಕು. 1988ರಲ್ಲಿ ಅವನು ಒಂಬತ್ತನೆಯ ತರಗತಿಯಲ್ಲಿದ್ದ. ಚುರುಕು ಹುಡುಗ, ಪದ್ಯ ಓದಿದರೆ ತರಗತಿ ಸುಮ್ಮನಾಗುತ್ತಿತ್ತು. ಆದರೆ ಗುರುವಾರ ಎರಡನೆಯ ಅವಧಿಯಲ್ಲಿ, ನನ್ನ ಕನ್ನಡದ ಪಾಠದ ನಡುವೆ, ತೂಕಡಿಸಿ ಹಲಗೆಯ ಮೇಲೆ ತಲೆಯಿಡುತ್ತಿದ್ದ. ನಾನು ಎಬ್ಬಿಸಿ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಕೆಲವು ಸಲ ಅಂಗೈಗೆ ರೂಲುದೊಣ್ಣೆಯ ಪೆಟ್ಟೂ ಬೀಳುತ್ತಿತ್ತು. ಶುಕ್ರವಾರ ಎಲ್ಲವೂ ಸರಿ. ಮತ್ತೆ ಗುರುವಾರ ಅದೇ ತೂಕಡಿಕೆ, ಅದೇ ಪೆಟ್ಟು. ಪ್ರತಿ ಸಲವೂ ಅದು ನನಗೆ ಹೊಸ ಅಪರಾಧದಂತೆ ತೋರುತ್ತಿತ್ತು. ಪೆಟ್ಟು ಸಾಲದೆಂದು ಪೆಟ್ಟಿನ ಸಂಖ್ಯೆ ಹೆಚ್ಚಿಸಿದೆ. ಜನವರಿಯ ನಂತರ ಹುಡುಗ ಗುರುವಾರ ಶಾಲೆಗೆ ಬರುವುದನ್ನೇ ನಿಲ್ಲಿಸಿದ. ಆಮೇಲೆ ಬುಧವಾರ, ಶುಕ್ರವಾರಗಳಲ್ಲೂ ಕಾಣದಾದ.

ವರ್ಷದ ಕೊನೆಗೆ ಹಾಜರಿಯ ಲೆಕ್ಕ ಕೂಡಿಸುತ್ತ ಕುಳಿತಾಗ ಅವನ ಸಾಲಿನ ಮೇಲೆ ಕಣ್ಣು ನಿಂತಿತು. ತಪ್ಪಿತಸ್ಥರ ಹೆಸರಿನ ಮುಂದೆ ಕೆಂಪು ಚುಕ್ಕೆಯಿಡುವುದು ನನ್ನ ರೂಢಿ. ಅವನ ಚುಕ್ಕೆಗಳು ಏಣಿಯ ಮೆಟ್ಟಿಲುಗಳಂತೆ ಸಮದೂರದಲ್ಲಿ ನಿಂತಿದ್ದವು. ವಿಚಾರಿಸಿದೆ. ಬುಧವಾರ ಪಕ್ಕದ ಊರಿನಲ್ಲಿ ಸಂತೆ. ತಂದೆಯಿಲ್ಲದ ಮನೆ, ತಾಯಿ ಅಲ್ಲಿ ವೀಳ್ಯದೆಲೆ ಮಾರಿ ಬರುವವರೆಗೆ ಗಾಡಿ ಕಾದು, ನಡುರಾತ್ರಿ ಎತ್ತು ಹೊಡೆದುಕೊಂಡು ಊರಿಗೆ ಬರುವ ಕೆಲಸ ಈ ಹುಡುಗನದು. ಅದನ್ನು ತಿಳಿಯಲು ಒಂದು ಪ್ರಶ್ನೆ ಸಾಕಾಗಿತ್ತು. ಹಾಜರಿ ಸಾಲದೆ ಅವನಿಗೆ ಆ ವರ್ಷ ಹೋಯಿತು. ಮರುವರ್ಷ ತನಗಿಂತ ಕಿರಿಯರೊಡನೆ ಅದೇ ಬೆಂಚಿನಲ್ಲಿ ಕುಳಿತು ಅದೇ ಪಾಠಗಳನ್ನು ಕೇಳಿದ. ಅವನು ಇದನ್ನು ಎಂದೂ ನನ್ನ ಮುಂದೆ ದೂರಿನಂತೆ ಆಡಿದವನಲ್ಲ. ಅದರಿಂದಲೇ ನನಗೆ ಹೆಚ್ಚು ನೋವು.

ಹೇಳಿದ ದಿನ ಕಾರ್ಖಾನೆಗೆ ಹೋದೆ. ಎಣ್ಣೆಯ ವಾಸನೆ, ಕಬ್ಬಿಣದ ಗುಡುಗು. ಹನ್ನೊಂದು ಜನ ಕೆಲಸಗಾರರು. ನಡುವೆ ಆ ಯಂತ್ರ. ಒಂದರ ಮೇಲೊಂದು ಉಕ್ಕಿನ ಎರಡು ಉರುಳೆಗಳು. ಅವರು ಅವನ್ನು ರೋಲು ಎನ್ನುತ್ತಾರೆ. ನಮ್ಮ ಕಬ್ಬಿನ ಗಾಣವನ್ನು ನೆನೆದುಕೊಂಡರೆ ಸಾಕು. ಕಬ್ಬಿನ ಬದಲು ಹಿತ್ತಾಳೆಯ ಪಟ್ಟಿ ಒಂದು ಕಡೆಯಿಂದ ಒಳಹೊಕ್ಕು ತೆಳುವಾಗಿ ಇನ್ನೊಂದು ಕಡೆ ಹೊರಬರುತ್ತದೆ. ಎರಡು ರೋಲುಗಳ ನಡುವಿನ ಸಂದನ್ನು ಎಷ್ಟಿಡುತ್ತಾರೋ ಅದರ ಮೇಲೆ ಪಟ್ಟಿಯ ದಪ್ಪ ನಿಂತಿದೆ. ಸಂದನ್ನು ಹಿಗ್ಗಿಸಿ ಕುಗ್ಗಿಸುವುದು ಮನುಷ್ಯನ ಕೈಯಲ್ಲ. ಎಣ್ಣೆಯ ಒತ್ತಡದಿಂದ ಚಲಿಸುವ ಒಂದು ಕೊಳವೆ, ಅದಕ್ಕೆ ಅಪ್ಪಣೆ ಕೊಡುವ ಒಂದು ಸಣ್ಣ ಗಣಕ. ಹೀಗೆ ಕಬ್ಬಿಣದ ಮೈಗೆ ಎಲೆಕ್ಟ್ರಾನಿಕ್ ಮಿದುಳನ್ನು ಜೋಡಿಸಿದ ಯಂತ್ರಗಳಿಗೆ ‘ಮೆಕಟ್ರಾನಿಕ್’ ಯಂತ್ರಗಳೆಂದು ಹೆಸರು. 1969ರಲ್ಲಿ ಜಪಾನಿನ ಯಾಸ್ಕಾವಾ ಕಂಪನಿಯ ಎಂಜಿನಿಯರ್ ತೆತ್ಸುರೊ ಮೋರಿ ಎಂಬವರು ಕಟ್ಟಿದ ಪದವಂತೆ ಅದು. ಮೆಕ್ಯಾನಿಕ್ಸಿನ ತಲೆಯನ್ನೂ ಎಲೆಕ್ಟ್ರಾನಿಕ್ಸಿನ ಬಾಲವನ್ನೂ ಕತ್ತರಿಸಿ ಹೊಲಿದಿದ್ದಾರೆ. ನಮ್ಮ ವ್ಯಾಕರಣದ ಅರಿಸಮಾಸವನ್ನೇ ಒಪ್ಪಲು ಹಿಂಜರಿಯುವ ಪಂಡಿತರು ಇದನ್ನು ಕಂಡರೆ ಏನೆನ್ನುತ್ತಿದ್ದರೋ!

ಯಂತ್ರದ ಕಾಯಿಲೆಯನ್ನು ನನ್ನ ವಿದ್ಯಾರ್ಥಿ ಒಂದು ಪಟ್ಟಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ತೋರಿಸಿದ. ಪಟ್ಟಿಯ ಉದ್ದಕ್ಕೂ ಸಮದೂರದಲ್ಲಿ ಮಸುಕಾದ ಅಡ್ಡ ಪಟ್ಟೆಗಳು ಬಿದ್ದಿದ್ದವು. ಪಟ್ಟೆಯಿದ್ದಲ್ಲಿ ತಗಡು ತೆಳು, ಎರಡು ಪಟ್ಟೆಗಳ ನಡುವೆ ದಪ್ಪ. ವ್ಯತ್ಯಾಸ 14 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್ ಆಗುತ್ತದೆ. ಕೂದಲಿನ ಐದನೆಯ ಒಂದು ಪಾಲಿಗೆ ಇಷ್ಟು ಗೋಳೇ ಎಂದು ಕೇಳಿದೆ. “ಕೊಳ್ಳುವವರು 10 ಮೈಕ್ರಾನ್ ಮೀರಿದರೆ ತೆಗೆದುಕೊಳ್ಳುವುದಿಲ್ಲ, ಮೇಷ್ಟ್ರೇ. ಕಳೆದ ತಿಂಗಳು ಒಂದು ಲಾರಿ ಮಾಲು ಹಿಂದಕ್ಕೆ ಬಂತು. ಇನ್ನೊಂದು ಲಾರಿ ಬಂದರೆ ಬ್ಯಾಂಕಿನ ಕಂತು ಕಟ್ಟುವ ಹಾಗಿಲ್ಲ, ಇವರಿಗೆ ಸಂಬಳ ಕೊಡುವ ಹಾಗೂ ಇಲ್ಲ” ಎಂದು ಕೆಲಸಗಾರರ ಕಡೆ ನೋಡಿದ. ನಾನು ಸುಮ್ಮನಾದೆ.

ಈ ಕಾಯಿಲೆಗೆ ಮದ್ದು ಹುಡುಕಲು ಒಬ್ಬ ತರುಣಿ ಎಂಜಿನಿಯರ್ ಬಂದಿದ್ದಳು. ಗಣಕದ ಮುಂದೆ ಕೂರುವಳೆಂದು ನಾನು ಎಣಿಸಿದ್ದರೆ, ಅವಳು ದರ್ಜಿಯಂತೆ ಅಳತೆಯ ಟೇಪನ್ನು ಹಿಡಿದು ನೆಲದಲ್ಲಿ ಹರಡಿದ ಪಟ್ಟಿಯ ಮೇಲೆ ಬಾಗಿದ್ದಳು. ಮೊದಲ ಪಟ್ಟೆಯಿಂದ ಹನ್ನೊಂದನೆಯ ಪಟ್ಟೆಯವರೆಗೆ ಅಳೆದಳು, 673 ಸೆಂಟಿಮೀಟರ್. ಅಲ್ಲಿಗೆ ಒಂದು ಪಟ್ಟೆಗೂ ಮುಂದಿನದಕ್ಕೂ ಅಂತರ 67.3. “ಈ ಯಂತ್ರದಲ್ಲಿ ಸುತ್ತುವ ವಸ್ತುಗಳು ಹಲವು ಇವೆ, ಸರ್. ಕಳ್ಳ ಯಾರೆಂದು ಈ ಅಂತರವೇ ಹೇಳಬೇಕು. ರೋಲಿನ ವ್ಯಾಸ 21 ಸೆಂಟಿಮೀಟರ್, ಸುತ್ತಳತೆ ನೀವೇ ಲೆಕ್ಕ ಹಾಕಿ” ಎಂದಳು. ಇಪ್ಪತ್ತೆರಡನ್ನು ಏಳರಿಂದ ಭಾಗಿಸಿ ಇಪ್ಪತ್ತೊಂದರಿಂದ ಗುಣಿಸಲು ಕನ್ನಡ ಮೇಷ್ಟರಿಗೂ ಬರುತ್ತದೆ: 66. “ಒಂದೂಕಾಲು ಸೆಂಟಿಮೀಟರ್ ಹೆಚ್ಚು ಬಂತಲ್ಲಮ್ಮಾ?” ಎಂದೆ. ಹಿಂಡಿದ ಲೋಹ ರೋಲಿನ ವೇಗಕ್ಕಿಂತ ತುಸು ಮುಂದೆ ಜಾರಿ ಹೊರಬರುತ್ತದೆ. ಆ ಒಂದೂಕಾಲು ಅದರದು ಎಂದು ಅವಳು ವಿವರಿಸಿದಳು. ಪಟ್ಟಿಯನ್ನು ಎಳೆಯುವ ಇನ್ನೊಂದು ಉರುಳೆಯ ವ್ಯಾಸ 15. ಅದರ ಸುತ್ತಳತೆ ಸುಮಾರು 47. ಅದು ನಿರಪರಾಧಿ. ಹೀಗೆ ಕಳ್ಳ ಸಿಕ್ಕಿದ. ರೋಲಿನ ನಡುಗೇಂದ್ರ ಅದು ಸುತ್ತುವ ಕೇಂದ್ರದಿಂದ ಎಳ್ಳಿನ ತುದಿಯಷ್ಟೂ ಅಲ್ಲದ ದೂರ ಸರಿದಿತ್ತು. ಸುತ್ತಿನಲ್ಲಿ ಒಮ್ಮೆ ಅದರ ಉಬ್ಬಿದ ಪಕ್ಕ ಕೆಳಗೆ ಬಂದು ಸಂದನ್ನು ಕಿರಿದು ಮಾಡುತ್ತಿತ್ತು.

ಉಬ್ಬಿದ ರೋಲನ್ನು ಮತ್ತೆ ಉಜ್ಜಿ ಸರಿಮಾಡಬಾರದೇ? ಮಾಡಿದ್ದರು, ಎರಡು ಬಾರಿ. ಮೊದಲು 30 ಮೈಕ್ರಾನ್ ಇದ್ದದ್ದು 14ಕ್ಕೆ ಇಳಿದದ್ದು ಹಾಗೆಯೇ. ಇದನ್ನು ಅವಳು ಒತ್ತಿ ಹೇಳಿದಳು: ಕಬ್ಬಿಣದಲ್ಲಿ ತಿದ್ದಬಹುದಾದ ದೋಷವನ್ನು ಕಬ್ಬಿಣದಲ್ಲೇ ತಿದ್ದಬೇಕು, ಸಡಿಲ ಬೇರಿಂಗನ್ನು ಹಾಗೇ ಬಿಟ್ಟು ಗಣಕಕ್ಕೆ ಪಾಠ ಹೇಳುವುದು ಸೋಮಾರಿತನ. ಆದರೆ ಉಜ್ಜುವ ಯಂತ್ರಕ್ಕೂ ತನ್ನದೇ ಆದ ಓರೆಕೋರೆಗಳಿವೆ. ಎಷ್ಟು ಉಜ್ಜಿದರೂ ಕೊನೆಗೆ ಸ್ವಲ್ಪ ಉಳಿದೇ ಉಳಿಯುತ್ತದೆ.

ನನಗೆ ಕೌತುಕವೆನಿಸಿದ್ದು ಬೇರೆ ಸಂಗತಿ. ಆ ಯಂತ್ರದಲ್ಲಿ ದಪ್ಪವನ್ನು ಅಳೆದು ತಿದ್ದುವ ಏರ್ಪಾಡು ಮೊದಲೇ ಇತ್ತು! ರೋಲಿನಿಂದ ಸುಮಾರು ಒಂದು ಮೀಟರ್ ಆಚೆ ಒಂದು ಗೇಜು ಪಟ್ಟಿಯ ದಪ್ಪವನ್ನು ಎಡೆಬಿಡದೆ ಅಳೆಯುತ್ತದೆ. ದಪ್ಪ ಹೆಚ್ಚಾದರೆ ಸಂದನ್ನು ಕಿರಿದುಮಾಡು, ಕಡಿಮೆಯಾದರೆ ಹಿಗ್ಗಿಸು ಎಂದು ಗಣಕ ಅಪ್ಪಣೆ ಕೊಡುತ್ತದೆ. ಕಂಡು ತಿದ್ದುವ ಕ್ರಮ ಇದು. ಈ ಕ್ರಮಕ್ಕೆ ದೊಡ್ಡ ವಂಶಾವಳಿಯಿದೆ. 1788ರಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರಕ್ಕೆ ಎರಡು ಸುತ್ತುವ ಗುಂಡುಗಳನ್ನು ಜೋಡಿಸಿ, ವೇಗ ಏರಿದರೆ ಉಗಿ ಕಡಿಮೆಯಾಗುವಂತೆ ಮಾಡಿದ್ದು ಇದೇ ಜಾತಿಯ ಉಪಾಯ. ಹಾಗಿದ್ದೂ ಇಲ್ಲಿ ಅದು ಏಕೆ ಸೋತಿತು?

ರೋಲು ಒಂದು ಸುತ್ತು ಸುತ್ತಲು 2 ಸೆಕೆಂಡು ಬೇಕು. ಒಂದು ಸುತ್ತಿಗೆ ಸುಮಾರು 67 ಸೆಂಟಿಮೀಟರ್ ಪಟ್ಟಿ ಹೊರಬರುತ್ತದೆ. ಒಂದು ಮೀಟರ್ ಆಚೆ ಇರುವ ಗೇಜಿನ ಕೆಳಗೆ ಪಟ್ಟೆ ಬರುವ ಹೊತ್ತಿಗೆ ರೋಲು ಹೆಚ್ಚುಕಡಿಮೆ ಒಂದೂವರೆ ಸುತ್ತು ಸುತ್ತಿಯಾಗಿರುತ್ತದೆ. ಅಂದರೆ ‘ಇಲ್ಲಿ ತೆಳುವಾಗಿದೆ, ಸಂದು ಹಿಗ್ಗಿಸು’ ಎಂಬ ಸುದ್ದಿ ಬಂದಾಗ ರೋಲಿನ ಉಬ್ಬಿದ ಪಕ್ಕ ಮೇಲೆ ಹೋಗಿ ತಗ್ಗಿದ ಪಕ್ಕ ಕೆಳಗೆ ಬಂದಿರುತ್ತದೆ. ದಪ್ಪವಾಗುತ್ತಿರುವ ಕಡೆಯೇ ಸಂದು ಇನ್ನಷ್ಟು ಹಿಗ್ಗುತ್ತದೆ! ನನ್ನ ವಿದ್ಯಾರ್ಥಿ ಇದನ್ನು ಅರಿಯದೆ, ತಿದ್ದುವುದು ಸಾಲದೇನೋ ಎಂದು ತಿದ್ದುವ ಬಲವನ್ನು ಹೆಚ್ಚಿಸಿದ್ದ. ಆ ದಿನ ವ್ಯತ್ಯಾಸ 20 ಮೈಕ್ರಾನ್ ದಾಟಿತಂತೆ. “ನಾನೂ ಪೆಟ್ಟಿನ ಸಂಖ್ಯೆ ಹೆಚ್ಚಿಸಿದೆ, ಮೇಷ್ಟ್ರೇ” ಎಂದು ಅವನು ಮೆಲ್ಲನೆ ಹೇಳಿದ. ನಾನು ಗೇಜಿನ ಕಡೆ ನೋಡುತ್ತ ನಿಂತೆ.

ಗೇಜನ್ನು ರೋಲಿನ ಪಕ್ಕಕ್ಕೇ ತಂದಿಡಲು ಜಾಗವಿಲ್ಲ. ದೂರದ ಗೇಜನ್ನು ನಂಬದೆ, ರೋಲಿನ ಮೇಲೆ ಬೀಳುವ ಒತ್ತಡದಿಂದಲೇ ದಪ್ಪವನ್ನು ಊಹಿಸುವ ವಿಧಾನವೊಂದು ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲಿ ಬಹುಕಾಲದಿಂದ ಇದೆ. ಒತ್ತಡ ಏರಿತೆಂದರೆ ದಪ್ಪ ಪಟ್ಟಿ ಬಂದು ರೋಲನ್ನು ಮೇಲಕ್ಕೆ ದೂಡುತ್ತಿದೆಯೆಂದು ಅದು ತಿಳಿಯುತ್ತದೆ. ಇನ್ನೂ ಬಿಗಿಯಾಗಿ ಒತ್ತುತ್ತದೆ. ಆದರೆ ರೋಲಿನ ಉಬ್ಬು ಕೆಳಗೆ ಬಂದಾಗಲೂ ಒತ್ತಡ ಏರುತ್ತದೆಯಲ್ಲ! ಆಗ ಒತ್ತಿದರೆ ತೆಳುವಾದದ್ದು ಮತ್ತಷ್ಟು ತೆಳು. ಒಂದೇ ಲಕ್ಷಣಕ್ಕೆ ಎರಡು ಕಾರಣ. ಲಕ್ಷಣವನ್ನು ಮಾತ್ರ ನೋಡುವ ವೈದ್ಯ ಎರಡಕ್ಕೂ ಒಂದೇ ಗುಳಿಗೆ ಕೊಡುತ್ತಾನೆ.

ಅವಳು ಮಾಡಿದ ಉಪಾಯ ಕೇಳಿದರೆ ಇಷ್ಟೇ ತಾನೇ ಎನಿಸುತ್ತದೆ. ರೋಲಿನ ಒಂದು ಸುತ್ತನ್ನು 360 ಭಾಗಗಳಾಗಿ ವಿಂಗಡಿಸಿ, ಗಣಕದ ಸ್ಮರಣೆಯಲ್ಲಿ 360 ಮನೆಗಳ ಒಂದು ಕೋಷ್ಟಕ ಬರೆದಳು. ಗೇಜು ಒಂದು ತಪ್ಪನ್ನು ಕಂಡಾಗ, ಆ ತಪ್ಪು ಒಂದೂವರೆ ಸುತ್ತಿನ ಹಿಂದೆ ರೋಲಿನ ಯಾವ ಭಾಗ ಕೆಳಗಿದ್ದಾಗ ಹುಟ್ಟಿತೆಂದು ಲೆಕ್ಕ ಹಾಕಿ, ಆ ಮನೆಯಲ್ಲಿ ಬರೆದಿಡುವುದು. ಅದೇ ಭಾಗ ಮತ್ತೆ ಕೆಳಗೆ ಬರುವ ಮುನ್ನ, ಗೇಜಿನ ಸುದ್ದಿಗೆ ಕಾಯದೆ, ಬರೆದಿಟ್ಟ ತಿದ್ದುಪಡಿಯನ್ನು ಮಾಡಿಬಿಡುವುದು. ಸುದ್ದಿ ತಡವಾಗಿ ಬಂದರೂ ಈಗ ಚಿಂತೆಯಿಲ್ಲ. ಏಕೆಂದರೆ ಆ ತಪ್ಪು ಹೇಗೂ ಮರಳಿ ಬರುವಂಥದು. ಒಮ್ಮೆ ಬಂದು ಹೋಗುವ ಅಡಚಣೆಯನ್ನು ಹೀಗೆ ಎದುರುಗೊಳ್ಳಲಾಗದು. ಮರುಕಳಿಸುವ ಅಡಚಣೆ ತಾನು ಬರುವ ಮುಹೂರ್ತವನ್ನು ತಾನೇ ಹೇಳಿಟ್ಟು ಹೋಗಿರುತ್ತದೆ.

ಗಂಟು, ರಾಟೆ, ಅವ್ವನ ಎಣಿಕೆ ಎಲ್ಲವೂ ಆಗ ನನ್ನ ಕಣ್ಣಮುಂದೆ ಬಂದವು. ಅದನ್ನು ಹೇಳಿದೆ. ಅವಳು ಟೇಪನ್ನು ಸುತ್ತುವುದನ್ನು ನಿಲ್ಲಿಸಿ, “ಬೇಸಿಗೆಯಲ್ಲಿ ಅವರ ಲೆಕ್ಕ ತಪ್ಪಿದ್ದನ್ನು ಹೇಳಿದಿರಲ್ಲ ಸರ್, ಅದು ನನಗೂ ಆಯಿತು” ಎಂದಳು. ರೋಲಿನ ಕೋನವನ್ನು ಅಳೆಯುವ ಉಪಕರಣ ಬರುವುದು ಒಂದು ವಾರ ತಡವಾಗಿತ್ತಂತೆ. ಕೈಕಟ್ಟಿ ಕೂರಲಾಗದೆ, ಅವಳು ಮೊದಲು ಕೋನದ ಬದಲು ಕಾಲದ ಲೆಕ್ಕ ಹಿಡಿದು, ಪ್ರತಿ 2 ಸೆಕೆಂಡಿಗೊಮ್ಮೆ ಕಲಿತ ತಿದ್ದುಪಡಿ ಮರಳುವಂತೆ ಮಾಡಿದ್ದಳು. ಕೆಲವು ನಿಮಿಷ ಬಹಳ ಚೆನ್ನಾಗಿ ನಡೆಯಿತು. ಆಮೇಲೆ ಮೋಟರು ಬಿಸಿಯಾಗಿಯೋ ಏನೋ, ವೇಗ ನೂರಕ್ಕೆ ಒಂದು ಪಾಲು ಇಳಿಯಿತು. ಕಣ್ಣಿಗೆ ಕಾಣದ ಇಳಿತ. ಸುತ್ತೊಂದಕ್ಕೆ ಸೆಕೆಂಡಿನ ಐವತ್ತನೆಯ ಒಂದು ಪಾಲು ಮಾತ್ರ. ಆದರೆ 50 ಸುತ್ತು ಕಳೆಯುವಷ್ಟರಲ್ಲಿ ಅದು ಒಂದು ಸೆಕೆಂಡು, ಎಂದರೆ ಅರ್ಧ ಸುತ್ತು ಆಗಿತ್ತು! ಉಬ್ಬಿಗೆ ಬೀಳಬೇಕಾದ ತಿದ್ದುಪಡಿ ತಗ್ಗಿಗೆ ಬಿತ್ತು. ಕೋನದ ಉಪಕರಣ ಬಂದ ಮೇಲೆ ಈ ತೊಂದರೆ ಹೋಯಿತು. ರೋಲು ಬೇಗ ಸುತ್ತಲಿ, ನಿಧಾನ ಸುತ್ತಲಿ, ನೂರನೆಯ ಮನೆ ಯಾವಾಗಲೂ ನೂರನೆಯ ಮನೆಯೇ. ಅವ್ವ ಗಡಿಯಾರ ನೋಡಿ ಗಂಟನ್ನು ಕಾಯುತ್ತಿರಲಿಲ್ಲವಷ್ಟೆ.

ಇನ್ನೊಂದು ಎಚ್ಚರಿಕೆಯನ್ನೂ ಅವಳು ಇಟ್ಟುಕೊಂಡಿದ್ದಳು. ನನಗೆ ಅದು ಎಲ್ಲಕ್ಕಿಂತ ಹಿಡಿಸಿತು. ಗೇಜು ಕಂಡ ತಪ್ಪನ್ನೆಲ್ಲ ಗಣಕ ಪೂರ್ತಿಯಾಗಿ ನಂಬುವುದಿಲ್ಲ. ಪಟ್ಟಿಯ ಮೇಲೆ ಒಂದು ಕಸದ ಚೂರು ಬಂದು ಹೋಗಬಹುದು. ಅದನ್ನು ರೋಲಿನ ದೋಷವೆಂದು ಬರೆದುಕೊಂಡರೆ, ಮುಂದಿನ ಸುತ್ತಿನಲ್ಲಿ ಇಲ್ಲದ ಉಬ್ಬನ್ನು ತಿದ್ದಹೋಗಿ ಯಂತ್ರ ತಾನೇ ಒಂದು ತಗ್ಗು ಮಾಡುತ್ತದೆ. ಆದ್ದರಿಂದ ಪ್ರತಿ ಸಲವೂ ಕಂಡ ತಪ್ಪಿನ ಕಾಲುಭಾಗವನ್ನು ಮಾತ್ರ ನೆನಪಿಗೆ ಸೇರಿಸುವುದು. ನಿಜವಾದ ದೋಷ ಮತ್ತೆ ಮತ್ತೆ ಅಲ್ಲಿಯೇ ಕಾಣಿಸಿಕೊಂಡು ಕಾಲುಕಾಲಾಗಿ ಕೂಡುತ್ತದೆ. ಆಕಸ್ಮಿಕ ಒಂದೇ ಸಲ ಬಂದು ಕರಗಿಹೋಗುತ್ತದೆ. ಲೆಕ್ಕದಂತೆ 14 ಇದ್ದದ್ದು ಮೊದಲ ಪಾಠಕ್ಕೆ ಹತ್ತೂವರೆ, ಆಮೇಲೆ ಸುಮಾರು 8, ಆಮೇಲೆ 6. ಗೇಜಿನ ವರದಿ ತಡವಾಗುವುದರಿಂದ ಒಂದೊಂದು ಪಾಠಕ್ಕೂ ಎರಡು ಸುತ್ತು ಬೇಕು. ಸಣ್ಣ ಸಣ್ಣ ನಡುಕಗಳನ್ನಂತೂ ಕಲಿಯಲು ಹೋಗುವುದೇ ಇಲ್ಲ. ಅಷ್ಟು ವೇಗದ ಏರಿಳಿತಕ್ಕೆ ಎಣ್ಣೆಯ ಕೊಳವೆ ತಡವಾಗಿ ಓಗೊಡುತ್ತದೆ. ಜೋಕಾಲಿ ಹಿಂದಕ್ಕೆ ಬರುತ್ತಿರುವಾಗ ಮುಂದಕ್ಕೆ ದೂಡಿದಂತಾಗುತ್ತದೆ.

ಇಷ್ಟಾದರೂ ಇದು ಪೂರ್ತಿ ಲಾಭದ ವ್ಯಾಪಾರವಲ್ಲ. ಹತ್ತಿ ತುಂಬಿದ ದಿಂಬನ್ನು ಒಂದು ಕಡೆ ಅದುಮಿದರೆ ಇನ್ನೊಂದು ಕಡೆ ಉಬ್ಬುವಂತೆ, ಸುತ್ತಿಗೆ ಸರಿಹೊಂದಿ ಬರುವ ಏರಿಳಿತಗಳನ್ನು ಅದುಮಿದಾಗ, ಸುತ್ತಿಗೆ ಹೊಂದದ ಬೇರೆ ಏರಿಳಿತಗಳು ಸ್ವಲ್ಪ ಹೆಚ್ಚುತ್ತವೆ. ಇದನ್ನು ತಪ್ಪಿಸಲಾಗದೆಂದು ಗಣಿತವೇ ತೋರಿಸಿಕೊಟ್ಟಿದೆ. ಎಷ್ಟು ಅದುಮಬೇಕು, ಎಷ್ಟು ಉಬ್ಬನ್ನು ಸಹಿಸಬೇಕು ಎಂಬುದು ಎಂಜಿನಿಯರರ ವಿವೇಕಕ್ಕೆ ಬಿಟ್ಟದ್ದು.

ಈ ಉಪಾಯದ ಹಿಂದಿನ ಕತೆಯನ್ನು ಆಮೇಲೆ ಕೇಳಿ ತಿಳಿದೆ. 1976ರಲ್ಲಿ ಫ್ರಾನ್ಸಿಸ್ ಮತ್ತು ವೊನ್ಹ್ಯಾಮ್ ಎಂಬಿಬ್ಬರು ಒಂದು ಸೂತ್ರವನ್ನು ಗಣಿತದಿಂದ ನಿರೂಪಿಸಿದರು. ಹೊರಗಿನಿಂದ ಬರುವ ಅಡಚಣೆಯನ್ನು ಪೂರ್ತಿಯಾಗಿ ಅಳಿಸಬೇಕಾದರೆ ಆ ಅಡಚಣೆಯನ್ನು ಹುಟ್ಟಿಸುವುದರ ಪ್ರತಿರೂಪ ನಿಯಂತ್ರಿಸುವವನ ಒಳಗೇ ಇರಬೇಕು ಎಂಬುದು ಅದರ ಸಾರ. ಸುತ್ತಿ ಸುತ್ತಿ ಬರುವ ಅಡಚಣೆಗೆ ಸುತ್ತಿ ಸುತ್ತಿ ಬರುವ ನೆನಪೇ ಪ್ರತಿರೂಪ. 1981ರಲ್ಲಿ ಜಪಾನಿನ ಇನೋವೆ, ನಕಾನೊ ಮೊದಲಾದವರು ಇದನ್ನು ಪ್ರೋಟಾನ್ ಕಣಗಳನ್ನು ವೇಗಗೊಳಿಸುವ ಯಂತ್ರದ ಅಯಸ್ಕಾಂತಗಳಿಗೆ ಅಳವಡಿಸಿದರು. ಅಲ್ಲಿ ವಿದ್ಯುತ್ತನ್ನು ಒಂದೇ ಮಾದರಿಯಲ್ಲಿ ಮತ್ತೆ ಮತ್ತೆ ಏರಿಸಿ ಇಳಿಸಬೇಕಾಗುತ್ತದೆ. ‘ಪುನರಾವರ್ತಿ ನಿಯಂತ್ರಣ’ ಎಂದು ನಾವು ಅದನ್ನು ಕರೆಯಬಹುದು. 1984ರಲ್ಲಿ ಅದೇ ದೇಶದ ಅರಿಮೊಟೊ ಮತ್ತು ಅವರ ಸಂಗಡಿಗರು, ಒಂದೇ ಕೆಲಸವನ್ನು ಹಲವು ಸಲ ಮಾಡುವ ಯಂತ್ರದ ತೋಳು ಪ್ರತಿ ಸಲವೂ ಹಿಂದಿನ ತಪ್ಪಿನಿಂದ ಕಲಿಯುವ ಕ್ರಮವನ್ನು ತೋರಿಸಿದರು. 1982ರಲ್ಲಿ ಮಾರುಕಟ್ಟೆಗೆ ಬಂದ, ಹಾಡು ಕೇಳುವ ಸಿ.ಡಿ. ತಟ್ಟೆಗೂ ಇದೇ ಕಾಯಿಲೆ. ಅದರ ಮೇಲಿನ ಹಾಡಿನ ಸಾಲುಗಳ ನಡುವಿನ ಅಂತರ 1.6 ಮೈಕ್ರಾನ್ ಮಾತ್ರ. ನಡುವಿನ ತೂತು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದ್ದರೂ ಸಾಲುಗಳೆಲ್ಲ ಸುತ್ತುಸುತ್ತಿಗೂ ಅತ್ತಿತ್ತ ಓಲಾಡುತ್ತವೆ. ಓದುವ ಮಸೂರ ಆ ಓಲಾಟದ ಜೊತೆಗೇ ಓಲಾಡಬೇಕು. ನಿಮಿಷಕ್ಕೆ 7200 ಸುತ್ತು ಸುತ್ತುವ ಗಣಕದ ತಟ್ಟೆಯಲ್ಲಿ ಈ ಪಾಠ ಸೆಕೆಂಡಿಗೆ 120 ಸಲ ಒಪ್ಪಿಸಬೇಕಾದ ಪಾಠ.

ನಾನು ಹೋದ ದಿನ ಮಧ್ಯಾಹ್ನ ರೋಲುಗಳನ್ನು ಬದಲಿಸಿದರು. ಸವೆದವನ್ನು ತೆಗೆದು ಉಜ್ಜಿ ತಂದವನ್ನು ಕೂರಿಸಿದರು. ಹೊಸ ರೋಲಿನ ಉಬ್ಬು ಬೇರೆ ಕಡೆ ಇರುವುದರಿಂದ ಹಳೆಯ ಕೋಷ್ಟಕ ಅದಕ್ಕೆ ಹೊಂದುವುದಿಲ್ಲ. ಅವಳು 360 ಮನೆಗಳನ್ನೂ ಅಳಿಸಿ ಸೊನ್ನೆ ಮಾಡಿದಳು. ನನ್ನ ವಿದ್ಯಾರ್ಥಿ ರೋಲಿನ ತುದಿಯಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆದ. “ಇದು ನಿಮಗೆ ಮೇಷ್ಟ್ರೇ, ಎಣಿಸುವುದಕ್ಕೆ” ಎಂದ. ಯಂತ್ರ ಹೊರಟಿತು. ಗೆರೆ ಮೇಲೆ ಬಂದಾಗಲೆಲ್ಲ ನಾನು ಎಣಿಸಿದೆ. ಮೊದಲ ಸುತ್ತುಗಳಲ್ಲಿ ಗೇಜಿನ ಮುಳ್ಳು ಆಚೀಚೆ ಜೋರಾಗಿ ತೂಗಾಡಿತು. ಎಂಟು, ಒಂಬತ್ತು; ತೂಗಾಟ ಅರ್ಧಕ್ಕಿಳಿದಿತ್ತು. ಹದಿನೈದು. ಇಪ್ಪತ್ತರ ಹೊತ್ತಿಗೆ ಮುಳ್ಳು 3 ಮೈಕ್ರಾನಿನ ಒಳಗೆ ಸಣ್ಣಗೆ ನಡುಗುತ್ತ ನಿಂತಿತು. ಕೆಲಸಗಾರನೊಬ್ಬ ಯಾರಿಗೋ ಕೈಬೀಸಿದ. ಹೊರಗೆ ನಿಂತಿದ್ದ ಲಾರಿಯವನಿಗಿರಬೇಕು.

ಕಲಿಯುವಾಗ ಹೊರಬಂದ ಮೊದಲ ಇಪ್ಪತ್ತು ಸುತ್ತಿನ ಪಟ್ಟಿಯನ್ನು, ಸುಮಾರು ಹದಿಮೂರು ಮೀಟರ್, ಅವರು ಕತ್ತರಿಸಿ ಬೇರೆ ಇಟ್ಟರು. ಅದನ್ನು ಏನು ಮಾಡುತ್ತೀರೆಂದು ಕೇಳಿದೆ. “ಅದು ಹಾಳಲ್ಲ, ಮೇಷ್ಟ್ರೇ” ಎಂದ ನನ್ನ ವಿದ್ಯಾರ್ಥಿ. “ಕರಗಿಸಿ ಮತ್ತೆ ಮೊದಲಿನಿಂದ ತರುತ್ತೇವೆ. ಒಂದು ಸುತ್ತು ತಡ, ಅಷ್ಟೇ.”